ಸಮದನ ಸುಜ್ದಾಲ್

ಮುಗಿದ ತಿಂಗಳು ಗೋಡೆಯ ಮೇಲೆ ಒಂದು ಗಳಿಗೆ ಹೆಚ್ಚು ನೇತಾಡಿದರೂ ಅಕ್ಬರಿ ಬೇಗಂ ಅವರಿಗೆ ಸಹಿಸಲಾಗದು. ಒಂದನೇ ತಾರೀಖು ಬೆಳಗ್ಗೆ ಚಹಾ ಕುಡಿಯುವ ಮೊದಲೇ ಕ್ಯಾಲೆಂಡರಿನ ಹಳೇ ಹಾಳೆಯನ್ನು ಪರ್ರೆಂದು ಹರಿದು ಅಡುಗೆಮನೆಯ ಡಬ್ಬಿಗಳ ಅಡಿಗೆ ಹಾಸುವುದು ಅವರ ನಲವತ್ತು ವರ್ಷದ ಪದ್ಧತಿ. ಏಪ್ರಿಲ್ ಒಂದರಂದೂ ಹಾಗೇ ಮಾಡಿದರು. ಹಾಳೆಯ ಜೊತೆಗೆ ಮಗ ಸಮದನ ನೆಮ್ಮದಿಯೂ ಹರಿದುಹೋಯಿತು.

ಸಮದ್ ಚನ್ನಪಟ್ಟಣದಲ್ಲಿ ಬೊಂಬೆ ಮಾಡುವವನು. ಇಪ್ಪತ್ತೆರಡು ವರ್ಷಗಳಿಂದ ಅವನ ಮರ ಕಡೆಯುವ ಲೇತಿನಿಂದ ಇಳಿದ ಬುಗುರಿ, ಗಿಲಕಿ, ರೈಲುಗಳೆಲ್ಲ ಯಾವ್ಯಾವುದೋ ವ್ಯಾಪಾರಿಯ ಹೆಸರಿನ ಚೀಟಿ ಅಂಟಿಸಿಕೊಂಡೇ ಊರು ಬಿಟ್ಟಿದ್ದವು. 'ಸಮದ್' ಎಂಬ ಮೂರಕ್ಷರ ಒಂದು ಬುಗುರಿಯ ಮೇಲೂ ಇರಲಿಲ್ಲ. ಬಾಯಿಬಿಟ್ಟು ಹೇಳದಿದ್ದರೂ ಅದೊಂದು ಕೊರಗು ಅವನಿಗಿತ್ತು.

ಜನವರಿಯಲ್ಲಿ, ರಾಮನಗರದಲ್ಲಿ ಮಕ್ಕಳ ಗ್ರಂಥಾಲಯ ನಡೆಸುವ ಲತಾಮಣಿ ಮೇಡಂ ಅವನ ಮನೆ ಹುಡುಕಿಕೊಂಡು ಬಂದು ಒಂದು ಕ್ಯಾಲೆಂಡರ್ ಕೊಟ್ಟಿದ್ದರು. ನಾಲ್ಕೇ ಹಾಳೆ, ಹಾಳೆಗೆ ಮೂರು ತಿಂಗಳು. ಪ್ರತಿ ಹಾಳೆಯಲ್ಲೂ ರಷ್ಯಾದ ಸುಜ್ದಾಲ್ ಎಂಬ ಪುಟ್ಟ ಊರನ್ನು ಆಕಾಶದಿಂದ ತೆಗೆದ ಫೋಟೊ. ಮೊದಲ ಹಾಳೆಯಲ್ಲಿ ಊರಿಗೆ ಊರೇ ಹಿಮದಲ್ಲಿ ಮುಳುಗಿ, ಹುಳು ಬಿಡುವ ಬಿದಿರು ಚಂದ್ರಿಕೆಯ ತುಂಬ ರೇಷ್ಮೆಗೂಡು ಕಟ್ಟಿದ ಹಾಗೆ ಬೆಳ್ಳಗಿತ್ತು; ನಡುವೆ ಒಂದು ಹೊಳೆಯ ತಿರುವು, ಚರ್ಚುಗಳ ನೀಲಿ ಗುಮ್ಮಟಗಳು.

"ಈ ಚಿತ್ರದಲ್ಲಿರೋ ಹಾಗೇ ಮರದಲ್ಲಿ ಒಂದು ಊರು ಮಾಡ್ಕೊಡಿ. ಬೇಸಿಗೆ ರಜೆಗೆ ಮಕ್ಕಳು ನೋಡ್ಬೇಕು. ಅದ್ರಲ್ಲಿ ನಿಮ್ಮ ಹೆಸರೇ ಇರ್ಲಿ, ಇನ್ಯಾರದ್ದೂ ಬೇಡ" ಎಂದಿದ್ದರು ಮೇಡಂ.

ಆ ಕೊನೆಯ ಮಾತಿಗೆ ಸಮದ್ ಊಟ ಮರೆತ. ಮೂರು ತಿಂಗಳು ಕೂತು ಹಾಲೆ ಮರದಲ್ಲಿ ಎಂಬತ್ನಾಲ್ಕು ಮನೆಯನ್ನೂ ನೀಲಿ ಗುಮ್ಮಟಗಳನ್ನೂ ಕಡೆದು ಒಂದು ಹಲಗೆಯ ಮೇಲೆ ಕೂರಿಸಿದ. ಲೇತಿನಲ್ಲಿ ತಿರುಗಿದ್ದೆಲ್ಲ ಗುಂಡಗೇ ಬರುವುದರಿಂದ ಸುಜ್ದಾಲಿನ ಮನೆಗಳೆಲ್ಲ ಒಸಿ ದುಂಡಗಾದವು. ಚಾವಣಿಗಳಿಗೆಲ್ಲ ಬಿಳಿ ಅರಗಿನ ಬಣ್ಣ ಕೊಟ್ಟು, ತಾಳೆಗರಿಯಲ್ಲಿ ತಿಕ್ಕಿ ಹೊಳಪೇರಿಸಿದ. ಹೆಸರು ಬರೆಯುವುದನ್ನು ಮಾತ್ರ ಹಬ್ಬದ ಸಿಹಿಯಂತೆ ಕೊನೆಗೆ ಇಟ್ಟುಕೊಂಡಿದ್ದ. ಇವತ್ತು ಸಂಜೆ ನಾಲ್ಕಕ್ಕೆ ಮೇಡಂ ಬರುವವರಿದ್ದರು.

ಚಹಾ ಲೋಟ ಹಿಡಿದು ಗೋಡೆ ನೋಡಿದವನು ಲೋಟ ಕೆಳಗಿಟ್ಟು ಹತ್ತಿರ ಹೋದ. ಅದೇ ಊರು, ಅದೇ ಹೊಳೆಯ ತಿರುವು, ಅವೇ ನೀಲಿ ಗುಮ್ಮಟಗಳು. ಆದರೆ ನೆಲವೆಲ್ಲ ಹಸಿರು. ಚಾವಣಿಗಳು ಕೆಂಪು, ಹಸಿರು, ಕಂದು.

"ಅಮ್ಮೀ, ಹಳೇ ಹಾಳೆ ಎಲ್ಲಿ?"

"ಬೇಳೆ ಡಬ್ಬಿ ಅಡಿಲೈತೆ. ಮೇಲೆ ಎಣ್ಣೆ ಡಬ್ಬೀನೂ ಐತೆ. ಅಲ್ಲಾಡಿಸ್ಬೇಡ" ಎಂದರು ಅಕ್ಬರಿ ಬೇಗಂ.

ಅಷ್ಟರಲ್ಲಿ ಪಕ್ಕದ ಮನೆಯ ಅತೀಕ್ ಬಂದ. ಅವನೂ ಬೊಂಬೆ ಕೆಲಸದವನೇ. ತನ್ನ ಲೇತಿಗಿಂತ ಬೇರೆಯವರ ಲೇತಿನ ಮೇಲೆ ಅವನಿಗೆ ಕಾಳಜಿ ಜಾಸ್ತಿ. ಗೋಡೆ ನೋಡಿದ, ಮೇಜಿನ ಮೇಲಿನ ಊರು ನೋಡಿದ, ತಲೆಯ ಮೇಲೆ ಕೈಯಿಟ್ಟ.

"ಏನ್ಲಾ ಸಮದ್, ಹಿಮಾನ ಮರಕ್ಕೇ ಅಂಟಿಸ್ಬುಟ್ಟಿದ್ದೀಯಲ್ಲ! ಮೇಡಂ ಕೇಳಿದ್ದು ಊರಾ, ಐಸಾ?"

"ಚಿತ್ರದಲ್ಲಿ ಹೆಂಗಿತ್ತೋ ಹಂಗೇ ಮಾಡಿದ್ದೀನಿ ಕಣ್ಲಾ."

"ಅದು ಜನವರಿ ಚಿತ್ರ. ಇವತ್ತು ತಾರೀಖೆಷ್ಟು? ಏಪ್ರಿಲ್ಲಲ್ಲಿ ಜನವರಿ ಊರು ಕೊಟ್ರೆ ಹಳೇ ಮಾಲು ಅನ್ನಲ್ವಾ?"

ಈ ತರ್ಕದಲ್ಲಿ ಎಲ್ಲೋ ತೂತಿದೆ ಎಂದು ಸಮದನಿಗೆ ಅನ್ನಿಸಿತು. ಹುಡುಕಲು ಹೊರಡುವಷ್ಟರಲ್ಲಿ ಬಾಗಿಲಲ್ಲಿ ಟಿವಿಎಸ್ ನಿಂತಿತು. ಅಕ್ಕೂರಿನ ರೇಷ್ಮೆ ಬೆಳೆಗಾರ ಚೆಲುವಯ್ಯ, ಗಾಡಿಯ ಹಿಂದೆ ಉಬ್ಬಿದ ಒಂದು ಚೀಲ. ರಾಮನಗರಕ್ಕೆ ಹೋಗುವಾಗಲೆಲ್ಲ ಸಮದನ ಮನೆಯಲ್ಲಿ ಚಹಾ ಕುಡಿಯದೆ ಅವರು ಮುಂದೆ ಹೋಗುವುದಿಲ್ಲ.

"ಚೀಲದಲ್ಲೇನು ಚೆಲುವಯ್ಯಣ್ಣ?" ಎಂದು ಸಮದನ ಹೆಂಡತಿ ತಸ್ಲೀಮಾ ಚಹಾ ಕೊಟ್ಟಳು.

"ಬಿಳಿ ರೇಷ್ಮೆಗೂಡಿನ ಮೇಲಿಂದ ಬುಡಿಸಿದ ಎಳೆ ಕಣವ್ವ, ಹತ್ತಿ ಇದ್ದಂಗೈತೆ. ಮಗಳ ಮನೇಲಿ ದಿಂಬಿಗೆ ತುಂಬ್ತಾರೆ" ಎಂದು ಕೂತ ಚೆಲುವಯ್ಯ ಊರನ್ನು ನೋಡಿ ನಕ್ಕರು. "ಇದೇನ್ಲಾ ಸಮದು, ಎಲ್ಲಾ ಮನೇಗೂ ಒಂದೇ ಸುಣ್ಣ ಹೊಡ್ದಿದ್ದೀಯ? ನಮ್ಮೂರಲ್ಲಿ ಅಣ್ಣ-ತಮ್ಮ ಕೂಡ ಒಂದೇ ಬಣ್ಣ ಹೊಡಿಯಾಕಿಲ್ಲ!"

ಇಬ್ಬರೂ ಬಿಳಿ ಬಣ್ಣಕ್ಕೇ ತಪ್ಪು ಹಿಡಿದ ಮೇಲೆ ಸಮದನ ಧೈರ್ಯ ಕುಸಿಯಿತು. ಮೇಡಂಗೆ ಫೋನ್ ಹಚ್ಚಿದ, ಸ್ವಿಚ್ ಆಫ್. ಬೇಡವೆಂದು ಅವರು ತಿರುಗಿ ಹೋದರೆ ಹೆಸರಿನ ಆಸೆಯೂ ಅವರ ಜೊತೆಗೇ ಹೋಗುತ್ತದೆ. ಅವನು ಒಂದೊಂದೇ ಚಾವಣಿ ಕಿತ್ತು ಲೇತಿಗೆ ಸಿಕ್ಕಿಸಿ, ಬಿಳಿ ಅರಗನ್ನು ಉಳಿಯಲ್ಲಿ ಕೆರೆಯತೊಡಗಿದ. ಮೂರು ತಿಂಗಳ ಕೆಲಸ ಸಿಪ್ಪೆಸಿಪ್ಪೆಯಾಗಿ ಕಾಲಬುಡಕ್ಕೆ ಬಿತ್ತು. ಅವನಿಗೆ ನಿಜವಾಗಿಯೂ ಅಳು ಬಂತು.

ಇಪ್ಪತ್ತನೇ ಚಾವಣಿಗೆ ಕರೆಂಟು ಹೋಯಿತು.

"ತಾತನ ಕೈ ಲೇತ್ ಅಟ್ಟದ ಮೇಲೈತಲ್ಲ" ಎಂದಳು ತಸ್ಲೀಮಾ. ಇಳಿಸಿದರು. ಅತೀಕ್ ಲೇತ್ ತಿರುಗಿಸುವ ಬಿಲ್ಲು ಎಳೆದ. ಚೆಲುವಯ್ಯ ಮಗಳ ಮನೆ ಮರೆತು ಅರಗಿನ ಕಡ್ಡಿ ಎತ್ತಿಕೊಡಲು ನಿಂತರು. ಎತ್ತಿಕೊಡುವವರು ಸುಮ್ಮನೆ ಎತ್ತಿಕೊಡುತ್ತಾರೆಯೇ?

"ಇದಕ್ಕೆ ಹಿಪ್ಪುನೇರಳೆ ಎಲೆ ಹಸಿರು ಹಾಕ್ಲಾ."

"ಇದಕ್ಕೆ ನಮ್ಮನೆ ಗೇಟಿನ ಗುಲಾಬಿ" ಎಂದರು ಅಕ್ಬರಿ ಬೇಗಂ, ತಾವು ಹರಿದ ಹಾಳೆಯ ಪಾಪವನ್ನೇ ಮರೆತು.

ಅತೀಕ್ ಎಳೆದೆಳೆದು ಬೆವತು, "ರಷ್ಯಾದೋರು ಇಷ್ಟೊಂದು ಮನೆ ಯಾಕ್ ಕಟ್ಟುದ್ರು?" ಎಂದು ಬೈಯತೊಡಗಿದ. ಮೂರೂವರೆಗೆ ಎಂಬತ್ನಾಲ್ಕೂ ಮುಗಿದವು. ಸುಜ್ದಾಲ್ ಊರು ಬೊಂಬೆ ಅಂಗಡಿಯ ಕಪಾಟಿನಂತೆ ಮಿನುಗಿತು. ಸಮದನ ಮುಖಕ್ಕೂ ಒಂದಿಷ್ಟು ಕಳೆ ಬಂತು. ಹೆಸರು ಬರೆಯಲು ಹಲಗೆ ಮಗುಚಲು ಹೋದ.

"ತಡಿಲಾ!" ಅತೀಕ್ ಕೂಗಿದ. "ಮೇಲಿಂದ ನೋಡೋ ಊರಿಗೆ ಅಡಿಲಿ ಹೆಸ್ರು ಬರೆದ್ರೆ ಯಾವೋನ್ ಬಗ್ಗಿ ನೋಡ್ತಾನೆ? ಚಾವಣಿ ಮೇಲೆ ಬರಿ!"

ಇಡೀ ದಿನದಲ್ಲಿ ಅತೀಕ್ ಆಡಿದ ಒಳ್ಳೆಯ ಮಾತು ಇದೊಂದೇ ಎನ್ನಿಸಿತು. ಹೊಳೆಯ ತಿರುವಿನ ದೊಡ್ಡ ಮನೆಯ ಹಳದಿ ಚಾವಣಿಯ ಮೇಲೆ ಸಮದ್ ಉಸಿರು ಬಿಗಿಹಿಡಿದು ಕೆಂಪಕ್ಷರದಲ್ಲಿ ಬರೆದ: 'ಸಮದ್, ಚನ್ನಪಟ್ಟಣ'. ಬರೆದು ಮುಗಿಸಿ ಹತ್ತು ಸಲ ಓದಿಕೊಂಡ.

ನಾಲ್ಕಕ್ಕೆ ಸರಿಯಾಗಿ ಲತಾಮಣಿ ಮೇಡಂ ಬಂದರು. ಊರಿನ ಸುತ್ತ ಒಂದು ಸುತ್ತು ಬಂದು, ಎರಡನೇ ಸುತ್ತಿಗೆ ನಿಂತರು.

"ತುಂಬ ಚೆನ್ನಾಗಿದೆ. ಆದ್ರೆ ಹಿಮ ಎಲ್ಲಿ ಸಮದ್?"

"ಹಿಮ... ಏಪ್ರಿಲ್ಲು ಮೇಡಂ..."

"ಅಯ್ಯೋ, ಏಪ್ರಿಲ್ಲು ಅಂತಾನೇ ಹಿಮ ಬೇಕಿತ್ತು! ಈ ಸೆಕೆಯಲ್ಲಿ ಮಕ್ಕಳು ಬಂದು ಹಿಮದ ಊರು ನೋಡ್ಲಿ ಅಂತ ತಾನೇ ಮೊದಲನೇ ಹಾಳೆ ತೋರಿಸಿದ್ದು?"

ಸಮದ್ ಅತೀಕನ ಕಡೆ ನೋಡಿದ. ಅತೀಕ್ ಸೂರು ನೋಡುತ್ತಿದ್ದ. ಕೆರೆದುಹಾಕಿದ ಬಿಳಿ ಅರಗು ಇನ್ನೂ ಕಾಲಡಿಯಲ್ಲೇ ಬಿದ್ದಿತ್ತು. ಆಗ ಚೆಲುವಯ್ಯ ಎದ್ದು ಹೊರಗೆ ಹೋಗಿ ಚೀಲ ತಂದು ಬಾಯಿ ಬಿಚ್ಚಿದರು.

"ಮಗಳಿಗೆ ಇನ್ನೊಂದ್ ಸಲ ತಂದ್ಕೊಟ್ರಾಯ್ತು" ಎಂದು ರೇಷ್ಮೆಯ ಬಿಳಿ ಎಳೆಯನ್ನು ಹಿಂಜಿ ಹಿಂಜಿ ಊರಿನ ಮೇಲೆ ಹರಡಿದರು. ತಸ್ಲೀಮಾ ಕೈ ಸೇರಿಸಿದಳು. ಐದು ನಿಮಿಷದಲ್ಲಿ ಸುಜ್ದಾಲಿನಲ್ಲಿ ಹಿಮ ಬಿದ್ದಿತ್ತು. ನೀಲಿ ಗುಮ್ಮಟಗಳಷ್ಟೇ ಮೇಲೆ ಇಣುಕುತ್ತಿದ್ದವು.

ಮೇಡಂ ಮಗುವಿನಂತೆ ಚಪ್ಪಾಳೆ ತಟ್ಟಿದರು. "ನಾನು ಕೇಳಿದ್ದಕ್ಕಿಂತ ಚೆನ್ನಾಗಿದೆ! ಹಿಮ ತೆಗೆದ್ರೆ ಬೇಸಿಗೆ, ಹಾಕಿದ್ರೆ ಚಳಿಗಾಲ. ಮುಂದಿನ ವರ್ಷ ಇನ್ನೊಂದು ಊರು ನೀವೇ ಮಾಡ್ಬೇಕು."

ಸಮದನಿಗೆ ಹೋದ ಜೀವ ಬಂದ ಹಾಗಾಯಿತು. ಮೇಡಂ ತಮ್ಮ ಕೈಚೀಲದಿಂದ ಚೊಕ್ಕ ಹೆಸರಿನ ಹಲಗೆಯೊಂದನ್ನೂ ಪೆನ್ನನ್ನೂ ತೆಗೆದರು. "ಊರನ್ನ ಇಡೋ ಗಾಜಿನ ಪೆಟ್ಟಿಗೆ ಮುಂದೆ ಇಡೋಕೆ. ಹೆಸರು ಬರಿಲಾ, ಸಮದ್?"

ಸಮದ್ ಬಾಯಿ ತೆರೆಯುವ ಮೊದಲೇ ಅತೀಕ್ ಮುಂದೆ ಬಂದ. "ಅವ್ನ ಹೆಸ್ರು ಊರೊಳಗೇ ಐತೆ ಮೇಡಂ! ದೊಡ್ಡಕ್ಷರದಲ್ಲಿ!"

"ಹೌದಾ? ಹಾಗಾದ್ರೆ ಎರಡೆರಡು ಸಲ ಯಾಕೆ? ಪಾಪ, ಇವರ ಹೆಸರು ಎಲ್ಲೂ ಇಲ್ಲ" ಎಂದ ಮೇಡಂ ಚೆಲುವಯ್ಯನವರ ಹೆಸರು, ಊರು ಕೇಳಿಕೊಂಡು ಹಲಗೆಯ ಮೇಲೆ ದುಂಡಗೆ ಬರೆದರು: 'ಹಿಮ: ಚೆಲುವಯ್ಯ, ಅಕ್ಕೂರು'.

ಚೆಲುವಯ್ಯ ನಾಚಿ ಟವಲಿನಲ್ಲಿ ಮುಖ ಒರೆಸಿಕೊಂಡರು. ಸಮದ್ ಹೊಳೆಯ ತಿರುವಿನ ಕಡೆ ನೋಡಿದ. ಅಲ್ಲಿ ನಾಲ್ಕು ಬೆರಳು ಹಿಮ.

"ಮೇಡಂ, ಈ ಹಿಮ... ಯಾವಾಗ ತೆಗೀತೀರಿ?"

"ಸೆಕೆ ಮುಗಿಯೋವರ್ಗೂ ಪೆಟ್ಟಿಗೆಗೆ ಬೀಗ. ಜುಲೈ ಬರ್ಲಿ, ತೆಗೆಯೋಣ."

ಊರನ್ನು ಹೊತ್ತ ಮೇಡಂ ಗಾಡಿ ಹೊರಟ ಮೇಲೆ ಸಮದ್ ಬಹಳ ಹೊತ್ತು ಬಾಗಿಲಲ್ಲೇ ನಿಂತಿದ್ದ. ಬೇಸರವೇನೋ ಇತ್ತು. ಆದರೂ ರಷ್ಯಾದ ಒಂದು ಊರಿನಲ್ಲಿ, ಹಿಮದ ಅಡಿಯಲ್ಲಾದರೂ, ತನ್ನ ಹೆಸರಿನ ಒಂದು ಮನೆಯಿದೆ ಎಂದು ನೆನೆದರೆ ನಗು ಬರುತ್ತಿತ್ತು. ಒಳಗೆ ಬಂದು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತ.

"ಅಮ್ಮೀ, ಈ ಹಾಳೇನ ಒಸಿ ಬೇಗ ಹರಿದುಬುಡ್ತೀಯಾ?"

ಅಕ್ಬರಿ ಬೇಗಂ ಹೌಹಾರಿದರು. "ಮೂರು ತಿಂಗಳು ಮುಗಿಯೋಕ್ ಮುಂಚೆ ಹರಿಯೋದಾ? ನಮ್ಮನೇಲಿ ಅಂಥಾ ಪದ್ಧತಿ ಇಲ್ಲಪ್ಪ!"