ಜಪ್ತಿಯಾದ ಹಾಲಗಂಬ

ಹೊಸ ಸರಕಾರ ಬಂದ ಮೇಲೆ ಮಸ್ಕಿಯ ಜಂಗಲ್ ನಾಕಾದಲ್ಲಿ, ಅಂದರೆ ಕಾಡಿನ ಕಟ್ಟಿಗೆ ತಪಾಸಣೆ ಮಾಡುವ ಕಟ್ಟೆಯಲ್ಲಿ, ನನಗೆ ಗುಮಾಸ್ತನ ಕೆಲಸ ಸಿಕ್ಕಿತು. ಸುತ್ತಲಿನ ಗಿಡಮರಗಳೆಲ್ಲ ಇನ್ನು ನನ್ನನ್ನೇ ನಂಬಿಕೊಂಡಿವೆ ಎಂದು ತಿಳಿದೆ. ಪರವಾನಗಿ ಇಲ್ಲದ ಹಸಿ ಕಟ್ಟಿಗೆಯನ್ನು ಜಪ್ತಿ ಮಾಡಬೇಕು, ಬಿಡಬೇಕಾದರೆ ಲಿಂಗಸುಗೂರಿನ ಸಾಹೇಬರ ಸಹಿ ಬೇಕು ಎಂಬ ಹುಕುಂ ಬಂದಿತ್ತು. ಅದು ನನಗೆ ಸಪ್ಪೆ ಎನಿಸಿತು. ಕೆಳಗೆ ನನ್ನದೊಂದು ಸಾಲು ಸೇರಿಸಿದೆ: ‘ಗುಮಾಸ್ತನ ಸ್ವಂತ ಮನೆಯವರು ತಂದರೂ ಬಿಡತಕ್ಕದ್ದಲ್ಲ.’ ಜವಾನ ಹುಸೇನಪ್ಪನಿಗೆ ಮೂರು ಸಲ ಓದಿ ಹೇಳಿ ಹೆಬ್ಬೆಟ್ಟು ಒತ್ತಿಸಿಕೊಂಡೆ.

ಆ ತಿಂಗಳಲ್ಲೇ ಮಗಳು ಗೌರಮ್ಮನ ಮದುವೆ. ನಮ್ಮಲ್ಲಿ ಹಂದರಕ್ಕೆ ಹಾಲಗಂಬ ನೆಟ್ಟು ಪೂಜೆ ಮಾಡದೆ ಮಗಳಿಗೆ ಅರಿಷಿಣ ಹಚ್ಚುವುದಿಲ್ಲ. ಗಂಬ ಹಸಿ ಮರದ್ದೇ ಆಗಬೇಕು, ಸೋದರಮಾವನೇ ತರಬೇಕು. ತರುವವನು ನಾನಲ್ಲವಾದ್ದರಿಂದ ನಾನು ಅದರ ಯೋಚನೆಯನ್ನೇ ಮಾಡಿರಲಿಲ್ಲ.

ಅರಿಷಿಣದ ದಿನ ಹೆಂಡತಿಯ ತಮ್ಮ ಶರಣಪ್ಪ ಸಾಲಗುಂದದಿಂದ ಬಂದ. ಬಂಡಿ ಖಾಲಿ ಇತ್ತು.

“ಗಂಬ ಎಲ್ಲೋ?” ಎಂದಳು ಹೆಂಡತಿ ಬಸಮ್ಮ.

“ಮಾವನ ನಾಕಾದಾಗ ಜಪ್ತಿ ಆಗ್ಯಾದಕ್ಕ. ಗುಮಾಸ್ತರ ಮನೀದು ಅಂದೆ. ಹಂಗಾದ್ರ ಬಿಡಾಕ ಬರಂಗೇ ಇಲ್ಲ ಅಂದ ಜವಾನ.”

ಬಸಮ್ಮ ನನ್ನ ಕಡೆ ನೋಡಿದಳು. ನಾನು ರುಮಾಲು ಸುತ್ತಿಕೊಂಡು ಹೊರಟೆ.

ಹುಸೇನಪ್ಪ ಎದ್ದು ಸಲಾಮು ಮಾಡಿದ. ಗಂಬ ಬಿಡಲಿಲ್ಲ.

“ಇದು ನಮ್ಮ ಗೌರಮ್ಮನ ಮದುವಿ ಗಂಬೋ.”

“ಗೊತ್ತದ್ರಿ. ಅದಕ್ಕ ನೆರಳಾಗ ಇಟ್ಟೀನ್ರಿ.”

“ಆ ಸಾಲು ಬರೆದಾಂವ ನಾನ.”

“ಹೆಬ್ಬೆಟ್ಟು ಮಾತ್ರ ನಂದ ಅದರಿ. ಬಿಟ್ರ ನನ್ನ ನೌಕರಿ ಹೋಗ್ತದ್ರಿ.”

ಸಾಹೇಬರು ದೌರಾ ಮೇಲಿದ್ದರು. ಮೂರು ದಿನ ಬರುವುದಿಲ್ಲವೆಂಬ ಕಾಗದ ನನ್ನ ಮೇಜಿನ ಮೇಲೆಯೇ ಇತ್ತು. ಬೀಗರು ಮರುದಿನ ಬೆಳಿಗ್ಗೆ ಬರುವವರಿದ್ದರು. ಕುರ್ಚಿಯಲ್ಲಿ ಕೂತು, ಗಂಬ ಬಿಡಬೇಕೆಂದು ನಾಕಾ ಗುಮಾಸ್ತರಿಗೆ, ಅಂದರೆ ನನಗೇ, ಒಂದು ಅರ್ಜಿ ಬರೆದುಕೊಂಡೆ. ಓದಿ ನೋಡಿದೆ. ಯಾವ ಕಾಯ್ದೆಯಲ್ಲೂ ಅವಕಾಶವಿರಲಿಲ್ಲ. ನಾಮಂಜೂರು ಮಾಡಿದೆ.

ಅಷ್ಟರಲ್ಲಿ ಬಸಮ್ಮ ಅರಿಷಿಣದ ತಟ್ಟೆ ಹಿಡಿದು, ಐದು ಮಂದಿ ಮುತ್ತೈದೆಯರನ್ನೂ ಮಗಳನ್ನೂ ಕರೆದುಕೊಂಡು ಬಂದಳು. ನನ್ನ ಕುರ್ಚಿ ದಾಟಿ ನೇರ ಜವಾನನ ಹತ್ತಿರ ಹೋದಳು.

“ಹುಸೇನಪ್ಪ, ಗಂಬ ನಾಕಾ ಬಿಟ್ಟು ಹೋಗಬಾರದು, ಹೌದಿಲ್ಲೋ?”

“ಹೌದ್ರಿ ಯವ್ವ.”

“ಇಲ್ಲೇ ಅಂಗಳದಾಗ ನೆಟ್ರ?”

ಹುಸೇನಪ್ಪ ಹುಕುಮಿನ ಸಾಲುಗಳನ್ನು ಬೆರಳ ಮೇಲೆ ಎಣಿಸಿ ನೋಡಿದ. “ಇಲ್ಲಿ ನೆಡಬಾರದು ಅಂತ ಸಾಹೇಬ್ರು ಬರೆದಿಲ್ರಿ,” ಎಂದು ತಾನೇ ಹಾರೆ ತಂದು ಕುಣಿ ತೋಡಿದ.

ಮದುವೆ ನಾಕಾದ ಅಂಗಳದಲ್ಲೇ ಆಯಿತು. ಬೀಗರ ಬಂಡಿಗಳನ್ನೂ ಹುಸೇನಪ್ಪ ತಪಾಸಣೆ ಮಾಡಿಯೇ ಒಳಗೆ ಬಿಟ್ಟ.

ಮಳೆಗಾಲ ಮುಗಿದ ಮೇಲೆ ಸಾಹೇಬರು ತಪಾಸಣೆಗೆ ಬಂದರು. ಅತ್ತಿಯ ಗಂಬ ಬೇರು ಬಿಟ್ಟು ಆಳೆತ್ತರ ಚಿಗುರಿತ್ತು. ‘ಗುಮಾಸ್ತನು ಸ್ವಂತ ಆಸಕ್ತಿಯಿಂದ ಗಿಡ ಬೆಳೆಸಿದ್ದಾನೆ’ ಎಂದು ಪುಸ್ತಕದಲ್ಲಿ ಶಹಬಾಸ್ ಬರೆದು ಹೋದರು.

ಆ ಗಿಡ ಕಡಿದವನು ಶರಣಪ್ಪ. ಹಿಡಿದವನು ಹುಸೇನಪ್ಪ. ನೆಡಿಸಿದವಳು ಬಸಮ್ಮ. ನಾನು ಮಾಡಿದ್ದು ಒಂದು ಅರ್ಜಿ. ಅದೂ ನಾಮಂಜೂರಾಗಿತ್ತು.