ಎರಡೂ ಕಡೆ ಉಲ್ಟಾ

ಅರಸೀಕೆರೆಯಲ್ಲಿ ಹೆಂಗಸೊಬ್ಬಳು ಬಟ್ಟೆಯನ್ನು ಉಲ್ಟಾ ಹಾಕಿಕೊಂಡು ಬೀದಿಗಿಳಿದರೆ, ಅವಳು ಬಸ್ ಸ್ಟ್ಯಾಂಡ್ ತಲುಪುವುದರೊಳಗೆ ಊರು ಆ ವಿಷಯವನ್ನು ಅವಳ ಗಮನಕ್ಕೆ ತಂದಿರುತ್ತದೆ. ಇಂಥ ಊರಿನಲ್ಲಿ ಎರಡೂ ಕಡೆ ತೊಡಬಹುದಾದ ಬಟ್ಟೆ ಹೊಲಿಯಲು ಹೊರಟವಳು ಪ್ರಸಂಗಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಅವೇ ಚಪ್ಪಲಿ ಬಿಟ್ಟು ಒಳಗೆ ಬಂದು ಕೂರುತ್ತವೆ.

ಅವು ಬಂದು ಕೂರುವ ಜಾಗ ನಮ್ಮ ಮನೆಯ ಮುಂದಿನ ಕೋಣೆ. ರಸ್ತೆಗೆ ಬಾಗಿಲಿರುವ ಆ ಕೋಣೆಯಲ್ಲಿ ತೋಟದ ತೆಂಗಿನಕಾಯಿ ತುಂಬುವುದು ಮೊದಲಿನಿಂದ ಬಂದ ಪದ್ಧತಿ. ಹೊಲಿಗೆ ಮೆಷಿನ್ ಇಡಲು ಅದನ್ನು ಕೇಳಿದಾಗ ನಮ್ಮತ್ತೆ ಇಲ್ಲವೆನ್ನಲಿಲ್ಲ. ದೀಪಾವಳಿಯವರೆಗೆ ಗಡುವು ಕೊಟ್ಟರು.

"ಒಂದ್ಸಲ ಯಾರ್ ಬೇಕಾದ್ರೂ ತಗೋತಾರೆ ಕಣವ್ವ. ನೆಂಟ್ರು ಅಂತ ತಗೋತಾರೆ, ದಾಕ್ಷಿಣ್ಯಕ್ಕೆ ತಗೋತಾರೆ. ತಗೊಂಡೋಳೇ ಇನ್ನೊಂದು ಬೇಕು ಅಂತ ಎರಡನೇ ಸಲ ಬರ್ಲಿ. ಒಬ್ಳು ಬಂದ್ರೂ ಸಾಕು, ರೂಮು ನಿಂದು. ಬರ್ಲಿಲ್ವಾ, ನನ್ ಕಾಯಿ ನನ್ ರೂಮ್ಗೆ ಬತ್ತವೆ."

ನ್ಯಾಯವಾದ ಷರತ್ತು. ಒಪ್ಪಿಕೊಂಡೆ. ನಾನು ಮಾರಲು ಹೊರಟದ್ದು ಒಂದು ಕೊಂಡರೆ ಇನ್ನೊಂದು ಬೇಡವೇ ಬೇಡ ಎನ್ನುವಂಥ ಬಟ್ಟೆ ಎಂಬುದು ಒಪ್ಪಿಕೊಂಡ ಮೇಲೆ ನನಗೆ ಹೊಳೆಯಿತು. ಅತ್ತೆಗೆ ಮೊದಲೇ ಹೊಳೆದಿತ್ತು.

ಕೋಣೆ ಖಾಲಿ ಮಾಡಿಕೊಟ್ಟು ಹೋಗುವಾಗ, ಬಸ್ಸಿನ ಸೀಟಿಗೆ ಕಿಟಕಿಯಿಂದ ಟವೆಲ್ ಹಾಕುವ ಹಾಗೆ, ಮೂಲೆಯಲ್ಲಿ ಒಂದಿಷ್ಟು ಕಾಯಿಗಳನ್ನು ಬಿಟ್ಟೇ ಹೋದರು.

ಊರಿನ ಉಪಕಾರ

ಮೊದಲ ಕುರ್ತಾವನ್ನು ನಾನೇ ತೊಟ್ಟುಕೊಂಡು ಪೇಟೆಗೆ ಹೊರಟೆ. ಒಂದು ಕಡೆ ಕುಂಕುಮದ ಬಣ್ಣ, ಇನ್ನೊಂದು ಕಡೆ ಸಾಸಿವೆ ಹಳದಿಯ ಮೇಲೆ ಸಣ್ಣ ಹೂವು. ಎರಡು ಮುಖ ಇರುವುದು ನೋಡುವವರಿಗೆ ತಿಳಿಯಲೆಂದು ತೋಳಿನ ತುದಿಯನ್ನು ಮಡಿಸಿಕೊಂಡಿದ್ದೆ. ಜಾಹೀರಾತು ಎಂದರೆ ಇದೇ ಎಂದುಕೊಂಡಿದ್ದೆ.

ಎದುರು ಮನೆಯವರು ಗೇಟಿನಿಂದಲೇ "ರೀ, ಉಲ್ಟಾ ಹಾಕ್ಕೊಂಡಿದ್ದೀರ" ಎಂದರು. ತಿರುವಿನಲ್ಲಿ ಸ್ಕೂಟರ್ ನಿಲ್ಲಿಸಿದ ಒಬ್ಬಾಕೆ ಬಾಯಿ ಬಿಡದೆ ಬೆರಳಿನಿಂದ ಸನ್ನೆ ಮಾಡಿದಳು. ಮುಂದಿನ ಬೀದಿಯಲ್ಲಿ ಸಿಕ್ಕ ವಯಸ್ಸಾದ ಹೆಂಗಸು ಸನ್ನೆಯನ್ನೂ ಮಾಡಲಿಲ್ಲ. ನನ್ನ ಕೈ ಹಿಡಿದು ನೇರವಾಗಿ ತಮ್ಮ ಮನೆಯ ಬಚ್ಚಲಿಗೆ ಕರೆದೊಯ್ದು, ಹೊರಗಿನಿಂದ ಚಿಲಕ ಹಾಕಿ, "ನಿದಾನಕ್ಕೆ ಸರಿ ಮಾಡ್ಕಳವ್ವ, ನಾನಿಲ್ಲೇ ಅವ್ನಿ" ಎಂದರು. ವಾದ ಮಾಡುವ ಸ್ಥಿತಿಯಲ್ಲಿ ನಾನಿರಲಿಲ್ಲ. ತಿರುಗಿಸಿ ಹಾಕಿಕೊಂಡ ಮೇಲೆ ಬಿಡುಗಡೆಯಾಯಿತು.

ಅಲ್ಲಿಂದ ಹತ್ತು ಹೆಜ್ಜೆ ಇಟ್ಟಿರಬೇಕು. ಹೂವಿನವಳು ಕೂಗಿದಳು: "ಅಕ್ಕಾ, ಕುರ್ತಾ ಉಲ್ಟಾ ಐತೆ!"

ಸರಿ, ಇಲ್ಲೇ ವ್ಯಾಪಾರ ಶುರು ಮಾಡೋಣವೆಂದು ಅವಳ ಮುಂದೆ ಕುಕ್ಕರುಗಾಲಲ್ಲಿ ಕೂತು, ಇದು ಎರಡೂ ಕಡೆ ತೊಡುವ ಬಟ್ಟೆ, ಹೊಲಿಗೆ ಎಲ್ಲೂ ಕಾಣುವುದಿಲ್ಲ, ಹೀಗೂ ಹಾಕಬಹುದು, ಹಾಗೂ ಹಾಕಬಹುದು ಎಂದು ಅಂಚು ಎತ್ತಿ ತೋರಿಸಿದೆ. ಅವಳು ಹೂವಿನ ನೀರಿನ ಕೈ ಒರೆಸಿಕೊಂಡು ಅಂಚನ್ನು ಮುಟ್ಟಿ ನೋಡಿದಳು. ಮುಖದಲ್ಲಿ ನಿಜವಾದ ಮರುಕ ಮೂಡಿತು.

"ಅಯ್ಯೋ ಅಕ್ಕ, ಎರಡೂ ಕಡೆ ಉಲ್ಟಾನಾ? ಯಾರಕ್ಕಾ ಆ ಟೈಲರ್ರು?"

ಟವೆಲ್ಲಿನ ಮೇಲೆ ಟವೆಲ್

ಮುಂದಿನದು ನೈಟಿ. ನಮ್ಮ ಕಡೆ ನೈಟಿ ಬೆಳಗಿನ ಬಟ್ಟೆ, ಮಧ್ಯಾಹ್ನದ ಬಟ್ಟೆ, ಸಂಜೆ ಡೈರಿಗೆ ಹಾಲು ಹಾಕುವಾಗಿನ ಬಟ್ಟೆ. ಹೊಸಿಲು ದಾಟುವಾಗ ಮಾತ್ರ ಹೆಗಲ ಮೇಲೊಂದು ಟವೆಲ್ ಬೀಳಬೇಕು. ಟವೆಲ್ ಬಿದ್ದರೆ ಮರ್ಯಾದೆ ಪೂರ್ತಿಯಾದಂತೆ. ಅದನ್ನು ಹಾಕಿಕೊಂಡು ಪಂಚಾಯಿತಿ ಆಫೀಸಿಗೆ ಹೋಗಿ ಗಲಾಟೆ ಮಾಡಿ ಬರಬಹುದು.

ಆ ಟವೆಲ್ಲಿನಿಂದ ಹೆಂಗಸರನ್ನು ಬಿಡುಗಡೆ ಮಾಡಬೇಕೆಂದು ನಾನು ನಿರ್ಧರಿಸಿದೆ. ಸೊಂಟದಲ್ಲಿ ದಾರ ಎಳೆದು ಕಟ್ಟಿ, ಪಕ್ಕದ ಗುಂಡಿ ಹಾಕಿದರೆ ನೈಟಿಯೇ ಉದ್ದನೆಯ ಕುರ್ತಾ ಆಗುವಂತೆ ಹೊಲಿದೆ. ಕಣಕಟ್ಟೆಯಿಂದ ಬಂದ ಒಬ್ಬಾಕೆ ಮೆಚ್ಚಿ ಕೊಂಡರು. ವಾರದ ಮೇಲೆ ಆ ಊರಿನ ಡೈರಿಯ ಮುಂದೆ ಕಣ್ಣಿಗೆ ಬಿದ್ದರು. ದಾರ ಕಟ್ಟಿದ್ದರು, ಗುಂಡಿ ಹಾಕಿದ್ದರು. ಹೆಗಲ ಮೇಲೆ ಟವೆಲ್ಲೂ ಇತ್ತು.

"ಗುಂಡಿ ಹಾಕಿದ ಮೇಲೆ ಇದು ನೈಟಿ ಅಲ್ಲವಲ್ಲ" ಎಂದೆ.

"ಅದು ನಂಗೊತ್ತು, ನಿಮಗೊತ್ತು. ಊರಿಗೆ ಗೊತ್ತಾ?"

ಮಾತು ಸರಿ ಎನಿಸಿತು. ನೈಟಿಯನ್ನು ವಾಪಸ್ ತರಿಸಿಕೊಂಡು, ಅದೇ ಬಟ್ಟೆಯಲ್ಲಿ ಹೆಗಲಿನಿಂದ ಇಳಿಬೀಳುವ ಒಂದು ಪಟ್ಟಿಯನ್ನೇ ಹೊಲಿದು ಸೇರಿಸಿದೆ. ಜಾರುವುದಿಲ್ಲ, ಹುಡುಕುವ ಕೆಲಸವಿಲ್ಲ, ಮರ್ಯಾದೆ ಸದಾ ಮೈಮೇಲೆ. ಆಕೆ ತುಂಬಾ ಚೆನ್ನಾಗಿದೆ ಎಂದರು. ಮತ್ತೆ ಡೈರಿಯ ಮುಂದೆ ಸಿಕ್ಕಾಗ ಆ ಪಟ್ಟಿಯ ಮೇಲೆ ಟವೆಲ್ ಇತ್ತು.

"ಇದ್ಯಾಕಮ್ಮ?"

"ಅದು ಹೊಲ್ದಿರೋದಲ್ವಾ ಮೇಡಂ. ಹೊಲಿದ್ ಮೇಲೆ ಅದೂ ನೈಟಿನೇ."

ಆ ವಾರ ಮೂಲೆಯ ಕಾಯಿರಾಶಿ ಮೆಷಿನ್ ಕಡೆಗೆ ಒಂದು ಮೊಳ ಮುಂದೆ ಬಂದಿತ್ತು. ಅತ್ತೆಯನ್ನು ಕೇಳಿದರೆ, "ಉರುಳ್ಕಂಡ್ ಬಂದಿರ್ತವೆ ಬಿಡು" ಎಂದರು.

ಒಳಗಿನ ರೇಷ್ಮೆ

ಗಂಡಸಿ ಎಂಬ ಊರಿನ ಟೀಚರೊಬ್ಬರಿಗೆ ಹೊಲಿದುಕೊಟ್ಟ ಜಾಕೆಟ್ಟಿನ ಬಗ್ಗೆ ನನಗೆ ಬಹಳ ಭರವಸೆ ಇತ್ತು. ಒಂದು ಕಡೆ ಸಾದಾ ಕಾಟನ್, ಶಾಲೆಗೆ. ಇನ್ನೊಂದು ಕಡೆ ಅಪ್ಪಟ ರೇಷ್ಮೆ, ಸಮಾರಂಭಕ್ಕೆ. ಅವರು ಅದನ್ನು ಎಷ್ಟು ಮೆಚ್ಚಿದರೆಂದರೆ ದಿನವೂ ಹಾಕಿಕೊಂಡು ಹೋದರು. ಕಾಟನ್ ಕಡೆ ತೊಳೆದು ತೊಳೆದು ಬಣ್ಣ ಬಿಟ್ಟು, ಮೊದಲು ಯಾವ ಬಣ್ಣವಿತ್ತೆಂದು ನಾನೇ ಚೀಟಿ ನೋಡಿ ಹೇಳಬೇಕಾಯಿತು. ರೇಷ್ಮೆಯ ಕಡೆ ಮಾತ್ರ ಒಂದು ದಿನವೂ ಹೊರಗೆ ಬರಲಿಲ್ಲ.

"ತಿರುಗಿಸಿ ಹಾಕ್ಕೊಳ್ಳಿ ಮೇಡಂ" ಎಂದೆ.

"ಅಯ್ಯೋ, ಅದು ಒಳ್ಳೇದು. ದಿನಾ ಹಾಕಿದ್ರೆ ಹಾಳಾಗಲ್ವಾ?"

ಅವರ ತಂಗಿಯ ಮದುವೆ ಬಂತು. ನನ್ನನ್ನೂ ಕರೆದಿದ್ದರು. ಗಡುವು ಹತ್ತಿರವಾಗುತ್ತಿದ್ದುದರಿಂದ ಆಸೆಯಿಂದಲೇ ಹೋದೆ. ನಾಲ್ಕು ಜನ ರೇಷ್ಮೆಯ ಕಡೆ ನೋಡಿದರೆ ಒಬ್ಬರಾದರೂ ಬಂದಾರು, ಟೀಚರೇ ಇನ್ನೊಂದು ಹೊಲಿಸಿಯಾರು. ಟೀಚರು ಬಣ್ಣ ಬಿಟ್ಟ ಕಾಟನ್ನನ್ನೇ ಹೊರಗೆ ಹಾಕಿಕೊಂಡು ಪಾನಕ ಕೊಡುತ್ತಿದ್ದರು.

"ಇವತ್ತೂ ತಿರುಗಿಸಲಿಲ್ಲವಾ?"

"ತಿರುಗಿಸ್ತಿದ್ದೆ. ಆದ್ರೆ ಮದುವೆ ಮನೆ ನೋಡಿ, ಜನ ಜಾಸ್ತಿ. ಮೇಲೆ ಸಾರು ಬೀಳುತ್ತೆ."

ಇನ್ನೊಂದು ಯಾವಾಗ ಹೊಲಿಸುತ್ತೀರಿ ಎಂದು ಕೇಳಿಯೇಬಿಟ್ಟೆ. ಅವರು ಒಳಗಿನ ರೇಷ್ಮೆಯನ್ನು ಸವರಿಕೊಂಡು ಹೇಳಿದರು: "ಇನ್ನೊಂದು ಯಾಕೆ? ಹೊಸದೇ ಇದೆಯಲ್ಲ!"

ಬೇಲೂರಿನಲ್ಲಿ ಆರನೇ ವಿಧ

ಊರಿನವರು ಬೇಡವೆಂದರೆ ಪ್ರವಾಸಿಗರಿದ್ದಾರೆ ಎಂದು ಒಂದು ಭಾನುವಾರ ಬೇಲೂರಿಗೆ ಹೋದೆ. ದೇವಸ್ಥಾನದ ಬೀದಿಯಲ್ಲಿ ಬಳೆ ಅಂಗಡಿಯಾಕೆ ತಮ್ಮ ಜಗಲಿಯ ಅರ್ಧ ಬಿಟ್ಟುಕೊಟ್ಟರು. ನಾನು ತಂದಿದ್ದದ್ದು ಆರು ವಿಧವಾಗಿ ಕಟ್ಟಬಹುದಾದ ಲಂಗ. ಅದು ಲಂಗ, ಶಾಲು, ಪಂಚೆಯಂಥ ಪ್ಯಾಂಟು, ಹೀಗೆ ಏನೇನೋ ಆಗುತ್ತದೆ. ಆರನೆಯದು ಏನಾಗುತ್ತದೆಂದು ನನಗೇ ಪೂರ್ತಿ ಖಚಿತವಿರಲಿಲ್ಲ.

ಸೀರೆಯ ಮೇಲೇ ಒಂದೊಂದಾಗಿ ಕಟ್ಟಿ ತೋರಿಸಿದೆ. ಜನ ಸೇರಿತು. ಆರನೆಯ ವಿಧದಲ್ಲಿ ಎಡಗೈ ಗಂಟಿನೊಳಗೆ ಉಳಿದುಕೊಂಡಿತು. ಅದನ್ನು ಬಿಡಿಸಲು ಹೋದ ಬಲಗೈ ವಾಪಸ್ ಬರಲಿಲ್ಲ. ಒಂದು ಕಾಲು ಮಡಿಸಿ, ಸೊಂಟ ಓರೆ ಮಾಡಿ, ಕತ್ತು ಹಿಂದಕ್ಕೆ ತಿರುಗಿಸಿ ನಿಂತಿದ್ದೆ. ಬಳೆ ಅಂಗಡಿಯಾಕೆ ಕತ್ತರಿ ತರುತ್ತೇನೆಂದು ಒಳಗೆ ಹೋದರು. ಜನ ಫೋನ್ ತೆಗೆದರು.

ಅಷ್ಟರಲ್ಲಿ ಗೈಡ್ ಒಬ್ಬರು ಗುಂಪನ್ನು ಸೀಳಿಕೊಂಡು ಬಂದರು. ಅವರ ಬಸ್ಸಿನ ಅರ್ಧ ಜನ ನನ್ನ ಮುಂದೆ ನಿಂತಿದ್ದರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಬಹಳ ಸಂಯಮದಿಂದ ಹೇಳಿದರು:

"ಮೇಡಂ, ಒಳಗಡೆ ಒಂಬೈನೂರು ವರ್ಷದಿಂದ ಹಿಂಗೇ ನಿಂತಿರೋರು ಅವ್ರೆ. ಅವರನ್ನೂ ಸ್ವಲ್ಪ ಜನ ನೋಡ್ಲಿ ಬಿಡಿ."

ಹಳೇಬೀಡಿನ ವಾದ

ಇದು ಚಿಕ್ಕ ಪ್ರಸಂಗ. ಎರಡು ಮುಖದ ರವಿಕೆಗೆ ಹುಕ್ಕು ಹಾಕುವುದೇ ಕಷ್ಟ, ಒಂದು ಕಡೆ ಮುಚ್ಚಿದರೆ ಇನ್ನೊಂದು ಕಡೆ ಕಾಣುತ್ತದೆ. ಹಳೇಬೀಡಿನ ಒಬ್ಬಾಕೆಯ ರವಿಕೆಯಲ್ಲಿ ಆ ಗಡಿಬಿಡಿಯಲ್ಲಿ ಒಂದು ತೋಳಿನ ಅಂಚು ಮಡಿಸದೆ ಉಳಿಯಿತು. ಆಕೆ ವಾಪಸ್ ತಂದರು. ನಾನು ನಗುತ್ತಾ, "ನಿಮ್ಮೂರ ದೇವಸ್ಥಾನವೂ ಪೂರ್ತಿ ಆಗಿಲ್ಲ ಅಂತಾರೆ. ಅದನ್ನು ಯಾರೂ ವಾಪಸ್ ತಂದಿಲ್ಲವಲ್ಲ" ಎಂದೆ.

ಆಕೆ ನಗಲಿಲ್ಲ.

"ದೇವಸ್ಥಾನಾನ ನಾನು ಮದ್ವೆಗೆ ಹಾಕ್ಕೊಂಡ್ ಹೋಗಲ್ಲ ಕಣ್ರೀ."

ಅಂಚು ಮಡಿಸಿಕೊಟ್ಟೆ. ಹೊರಡುವಾಗ ಆಕೆ ಮೆಷಿನ್ ತನಕ ಬಂದಿದ್ದ ಕಾಯಿಗಳ ನಡುವೆ ಕಾಲಿಟ್ಟು ದಾಟಿ ಹೋಗಬೇಕಾಯಿತು.

ನೂಲಿನಲ್ಲಿ ಹರಿದ ಮೈಲಿಗೆ

ದೀಪಾವಳಿಗೆ ಇನ್ನು ಹದಿನೈದು ದಿನ. ಎರಡನೇ ಸಲ ಬಂದವರು ಯಾರೂ ಇರಲಿಲ್ಲ. ಆಗ ಬೇಲೂರಿನಲ್ಲಿ ಅತ್ತೆಯ ತಮ್ಮನ ಮಗಳಿಗೆ ಸೀಮಂತ ಗೊತ್ತಾಗಿತ್ತು. ಸೀಮಂತದ ದಿನ ಬೆಳಗ್ಗೆಯೇ ಹಗರೆಯಿಂದ ಫೋನ್ ಬಂತು. ಅತ್ತೆಯ ಬಾಲ್ಯದ ಗೆಳತಿಯ ಮಾವ, ಮೊಮ್ಮಕ್ಕಳ ಮಕ್ಕಳನ್ನೂ ಕಂಡವರು, ತೀರಿಕೊಂಡಿದ್ದರು.

ಹಗರೆ ಬೇಲೂರಿನ ದಾರಿಯಲ್ಲೇ ಇದೆ. ಅಲ್ಲಿ ನಮ್ಮ ನಾದಿನಿಯ ಮನೆಯೂ ಇದೆ. ಸಾವಿನ ಮನೆಗೆ ಹೋಗಿ, ನಾದಿನಿಯ ಮನೆಯಲ್ಲಿ ಸ್ನಾನ ಮಾಡಿ, ಸೀಮಂತಕ್ಕೆ ಹೋಗುವುದೆಂದಾಯಿತು. ಉಳಿದದ್ದು ಸೀರೆಯ ಪ್ರಶ್ನೆ. "ಒಳ್ಳೆಯದೊಂದು ಬ್ಯಾಗಿನಲ್ಲಿ ಇಟ್ಟುಕೊಳ್ಳಿ ಅತ್ತೆ" ಎಂದೆ.

"ಸಾವಿನ ಮನೆಗೆ ಜರಿ ಸೀರೆ ಎತ್ಕಂಡ್ ಹೋಗದಾ? ಯಾರಾದ್ರೂ ನೋಡಿದ್ರೆ ಏನಂತಾರೆ?"

ಹಾಗೆನ್ನುತ್ತಾ ಅವರ ಕಣ್ಣು ನನ್ನ ಕೋಣೆಯ ಹಗ್ಗದ ಮೇಲೆ ಹೋಯಿತು. ಅಲ್ಲಿ ನಾನು ತೆಳುವಾದ ಎರಡು ಸೀರೆಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ಅಂಚು ಹೊಲಿದಿದ್ದ ಸೀರೆ ನೇತಾಡುತ್ತಿತ್ತು. ಒಂದು ಕಡೆ ಬೂದಿ ಬಣ್ಣ. ಇನ್ನೊಂದು ಕಡೆ ಗಿಣಿಹಸಿರು, ಜರಿಯಂಚು.

"ಪುಕ್ಕಟೆ ಬ್ಯಾಡ. ದುಡ್ ಕೊಟ್ಟೇ ತಗೋತೀನಿ. ನಾಳೆ ನೀನು ಎತ್ತಿ ಆಡಬಾರ್ದು" ಎಂದರು. ಕೊಟ್ಟೇ ಉಟ್ಟರು.

ಹಗರೆಯಲ್ಲಿ ಬೂದಿಬಣ್ಣ ಎಲ್ಲರಿಗೂ ಒಪ್ಪಿಗೆಯಾಯಿತು. ಅತ್ತೆ ಗೆಳತಿಯ ಪಕ್ಕದಲ್ಲಿ ಕೂತರು. ಅವರ ಅಳು ನೋಡಿ ಇವರಿಗೂ ಅಳು ಬಂತು. ಕಣ್ಣೊರೆಸಲು ಸೆರಗೆತ್ತಿದರು. ಸೆರಗಿನ ಹಿಂಬದಿ ಗೇಣಗಲದ ಜರಿಯೊಂದಿಗೆ ಗಿಣಿಹಸಿರಾಗಿ ಇಡೀ ಪಡಸಾಲೆಗೆ ಹೊಳೆಯಿತು.

ಒಂದು ಕ್ಷಣ ಅಳು ನಿಂತಿತು. ಆಮೇಲೆ ಅತ್ತೆಯ ಗೆಳತಿ ಅದೇ ರಾಗದಲ್ಲಿ, ಅದೇ ಎದೆ ಬಡಿತದಲ್ಲಿ ಮುಂದುವರಿಸಿದರು:

"ಅಯ್ಯೋ ನಮ್ಮಪ್ಪಾ... ನಮ್ಮನ್ನ ಬಿಟ್ಟೋದ್ಯಲ್ಲಪ್ಪಾ... ಎಲ್ಲಿ ತಗೊಂಡ್ಯೇ ಇದನ್ನಾ..."

ಅತ್ತೆಯೂ ರಾಗ ಕೆಡಿಸಲಿಲ್ಲ.

"ನನ್ ಸೊಸೆ ಹೊಲೀತಾಳವ್ವಾ... ಅರ್ಸೀಕೆರೇಲೀ... ಎರಡ್ ಕಡೇನೂ ಉಡ್ಬೋದವ್ವಾ..."

ಹಿಂದಿನಿಂದ ಇನ್ನೊಬ್ಬರು ಬಿಕ್ಕುತ್ತಲೇ ಕೆಂಪು ಸಿಗುತ್ತದೆಯೇ ಎಂದು ಕೇಳಿದರು.

ಹೊರಗೆ ಬಂದು ಕಾರು ಹತ್ತಿದ ಮೇಲೆ ಅತ್ತೆಗೆ ಸಂಶಯ ಹುಟ್ಟಿತು. ಸ್ನಾನವೇನೋ ಮಾಡಬಹುದು. ಸೀರೆಯ ಗತಿ? ಮೈಲಿಗೆಯಾಗಿರುವುದು ಬೂದಿಯ ಕಡೆ. ಹಸಿರಿನ ಕಡೆ ಒಳಗಿತ್ತು, ಅದು ಸಾವಿನ ಮನೆಯನ್ನು ನೋಡಿಲ್ಲ. ಸೆರಗಿನ ತುದಿ ಒಂದಿಷ್ಟು ಇಣುಕಿದ್ದು ಬಿಟ್ಟರೆ ಅದು ಮಡಿಯೇ ಅಲ್ಲವೇ?

ನನ್ನ ಗಂಡ ಕಾರು ಓಡಿಸುವುದರಲ್ಲಿ ಎಂದೂ ಇಲ್ಲದ ಏಕಾಗ್ರತೆ ತೋರಿದರು. ಕೊನೆಗೆ ಅತ್ತೆ ಜೋಯಿಸರಿಗೇ ಫೋನ್ ಮಾಡಿ, ಸ್ಪೀಕರ್ ಹಾಕಿಸಿ, ವಿಷಯ ಹೇಳಿದರು. ಜೋಯಿಸರ ಇಷ್ಟು ವರ್ಷದ ಅನುಭವದಲ್ಲಿ ಇಂಥ ಪ್ರಶ್ನೆ ಬಂದಿರಲಿಕ್ಕಿಲ್ಲ.

"ಎರಡೂ ಸೀರೆ ಬೇರೆ ಬೇರೆನಾ, ಸೇರ್ಸಿ ಹೊಲಿದಿದೆಯಾ?"

"ಸೇರ್ಸಿ ಹೊಲ್ದೈತೆ ಸ್ವಾಮಿ."

"ಹೊಲಿದಿರೋ ನೂಲು ಎರಡೂ ಕಡೆಗೂ ಒಂದೇನಾ?"

ಅತ್ತೆ ನನ್ನ ಮುಖ ನೋಡಿದರು. ಒಂದೇ ಎಂದು ಒಪ್ಪಿಕೊಂಡೆ.

"ಹಾಗಾದ್ರೆ ಮೈಲಿಗೆ ನೂಲಲ್ಲಿ ಪಾಸಾಗುತ್ತಮ್ಮ."

ತೀರ್ಪಿಗೆ ಮೇಲ್ಮನವಿ ಇರಲಿಲ್ಲ. ಅತ್ತೆ ನಾದಿನಿಯ ನವಿಲುಗಳಿದ್ದ ಹಳದಿ ಸೀರೆ ಉಟ್ಟುಕೊಂಡು ಸೀಮಂತಕ್ಕೆ ಬಂದರು. ಅರಸೀಕೆರೆ ತಲುಪುವ ತನಕ ನನ್ನೊಡನೆ ಮಾತಾಡಲಿಲ್ಲ. ಕೋಣೆ ಹೋಯಿತು ಎಂದುಕೊಂಡೆ. ಮಾರನೆಯ ದಿನ ನೂಲಿನ ಉಂಡೆಗಳನ್ನು ಡಬ್ಬಿಗೆ ತುಂಬಲೂ ಶುರು ಮಾಡಿದೆ.

ಮೂರನೇ ದಿನ ಅತ್ತೆ ಬಾಗಿಲಲ್ಲಿ ನಿಂತರು. ಕೈಯಲ್ಲಿ ಒಗೆದು ಒಣಗಿಸಿದ ಅದೇ ಸೀರೆ.

"ಇಂಥದ್ದೇ ಇನ್ನೊಂದು ಹೊಲಿ."

ನಾನು ಅವರನ್ನೇ ನೋಡಿದೆ. ಎರಡನೇ ಸಲ ಬಂದವರು ತಾವೇ ಎಂಬುದು ಅವರಿಗೂ ಆಗಷ್ಟೇ ಹೊಳೆಯಿತು. ಸ್ವಲ್ಪ ಹೊತ್ತು ಕಾಯಿರಾಶಿಯನ್ನು ನೋಡಿದರು. "ಹಂಗೇನ್ ನೋಡ್ತೀಯ? ಮಾತು ಅಂದ್ರೆ ಮಾತು" ಎಂದವರೇ, ಕಾಯಿಗಳನ್ನು ಹಿತ್ತಲ ಕೊಟ್ಟಿಗೆಗೆ ಸಾಗಿಸಲು ಮಗನನ್ನು ಕೂಗಿದರು.

"ಇನ್ನೊಂದು ಯಾಕೆ ಅತ್ತೆ?"

"ಜೋಯಿಸ್ರು ಹೇಳಿದ್ದು ಕೇಳ್ಲಿಲ್ವಾ? ಒಂದು ಸಾವಿಗೆ. ಒಂದು ಶುಭಕ್ಕೆ. ಇದನ್ನ ಬೂದಿ ಕಡೇನೇ ಉಡ್ತೀನಿ. ಅದನ್ನ ಹಸಿರು ಕಡೇನೇ ಉಡ್ತೀನಿ."

"ಹಾಗಾದರೆ ಒಂದು ಬೂದಿ ಸೀರೆ, ಒಂದು ಹಸಿರು ಸೀರೆ ಸಾಕಲ್ಲ? ಎರಡು ಮುಖ ಯಾಕೆ?"

"ಅಂಥವು ಬೀರು ತುಂಬ ಅವೆ. ಇದು ಎರಡ್ ಕಡೆ ಉಡೋ ಸೀರೆ ಕಣೇ. ಹಗರೆಯೋರೂ ಎರಡೆರಡೇ ಕೇಳ್ತಾವ್ರೆ."

ಹೊಲಿದು ಮುಗಿಸಿ ಎರಡನ್ನೂ ಮಡಿಸಿ ಮುಂದಿಟ್ಟೆ. ತದ್ರೂಪ ಅವಳಿಗಳು. ಅತ್ತೆಗೆ ಹೊಸ ಚಿಂತೆ ಹತ್ತಿತು.

"ಯಾವ್ದು ಸಾವಿಂದು, ಯಾವ್ದು ಶುಭದ್ದು ಅಂತ ಗೊತ್ತಾಗದ್ ಹೆಂಗೆ? ಸಾವಿಂದಕ್ಕೆ ಒಂದ್ ಕೆಂಪು ನೂಲು ಹಾಕ್ಕೊಡು, ಗುರ್ತಿಗೆ. ಯಾರಿಗೂ ಕಾಣ್ದಂಗೆ ಒಳಗಡೆ ಹಾಕು."

"ಒಳಗಡೆ ಅಂದರೆ ಯಾವ ಕಡೆ ಅತ್ತೆ?"

ಅತ್ತೆ ಸೀರೆಯನ್ನು ಬಿಡಿಸಿದರು. ಆ ಕಡೆ ತಿರುವಿದರು. ಈ ಕಡೆ ತಿರುವಿದರು. ಬೆಳಕಿಗೆ ಹಿಡಿದರು. ಆಮೇಲೆ ನಿಧಾನವಾಗಿ ತಲೆಯೆತ್ತಿ ನನ್ನನ್ನು ನೋಡಿದರು.

"ಒಳಗಡೇನೇ ಇಲ್ದಿರೋ ಬಟ್ಟೇನಾ ಇಷ್ಟ್ ದಿನದಿಂದ ಮಾರ್ತಾ ಇದೀಯ! ಒಬ್ರೂ ಕೇಳ್ಲಿಲ್ವೇನೇ ನಿನ್ನ?"