ಹರಿದ ಕೇಬಲನ್ನು ಸದ್ಯಕ್ಕೆ ಜೋಡಿಸಬಾರದೆಂದು ಕೋರಿ

ದಿನಾಂಕ: 27 ಜನವರಿ

ಇಂದ,
ಶ್ರೀಮತಿ ಚಂದ್ರಕಲಾ ಕೋಂ ಜಡೆಪ್ಪ, 42 ವರ್ಷ,
ಟಪಾಲು ಗುಮಾಸ್ತೆ,
ಕಾಲುವೆ ಓಣಿಯ ಕೊನೆಯ ಮನೆ, ಕಮಲಾಪುರ.

ಗೆ,
ವ್ಯವಸ್ಥಾಪಕರು,
ಕೇಬಲ್ ಮತ್ತು ಇಂಟರ್ನೆಟ್ ಕಚೇರಿ, ಹೊಸಪೇಟೆ.

ವಿಷಯ: ನಮ್ಮ ಓಣಿಯ ಕೊನೆಯ ಎರಡು ಮನೆಗಳ ಇಂಟರ್ನೆಟ್ ದುರಸ್ತಿಯನ್ನು ಮುಂದೂಡುವ ಕುರಿತು.

ಉಲ್ಲೇಖ: 1) ಜನವರಿ 9ರಂದು ಶ್ರೀ ಜಡೆಪ್ಪ ಅವರು ಕೊಟ್ಟ ದೂರು.
2) ಅದೇ ದಿನ, ಹತ್ತು ನಿಮಿಷದ ತರುವಾಯ, ಪಕ್ಕದ ಮನೆಯ ಶ್ರೀ ತಿಪ್ಪೇಶ್ ಅವರು ಪ್ರತ್ಯೇಕವಾಗಿ ಕೊಟ್ಟ ದೂರು.
3) ಸದರಿ ಎರಡೂ ದೂರುಗಳ ಬಗ್ಗೆ ತಮ್ಮ ಕಚೇರಿ ಹದಿನೆಂಟು ದಿನ ಏನೂ ಮಾಡದೆ ಉಪಕರಿಸಿದ್ದು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ಅರ್ಜಿದಾರಳು ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ:

1. ಅರ್ಜಿದಾರಳ ಪತಿ ಜಡೆಪ್ಪನವರು ಸಂಡೂರಿನ ಗಣಿಯಲ್ಲಿ ಡಂಪರ್ ಓಡಿಸುತ್ತಾರೆ. ಗೋಡೆಯಾಚೆಯ ಮನೆ ಅರ್ಜಿದಾರಳ ತಂಗಿ ಶೈಲಜಾಳದು. ಅವಳ ಪತಿ ತಿಪ್ಪೇಶ್ ಕಂಪ್ಲಿಯ ಅಕ್ಕಿ ಗಿರಣಿಯಲ್ಲಿ ಮೇಲ್ವಿಚಾರಕರು. ಷಡ್ಡಕರಿಬ್ಬರೂ ಒಂದೇ ದಿನ ಒಂದೇ ಅಂಗಡಿಯಲ್ಲಿ ಗೇಮ್ ಆಡುವ ಪೆಟ್ಟಿಗೆ ತಂದವರು. ಸಂಜೆ ಏಳಕ್ಕೆ ತಮ್ಮ ತಮ್ಮ ಮನೆಯಲ್ಲಿ ಕೂತು, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಕಾಣದ ಊರುಗಳ ಜನರೊಡನೆ ಬಂದೂಕಿನ ಆಟ ಆಡುತ್ತಿದ್ದರು. ಇದಕ್ಕೆ ಆನ್‌ಲೈನ್ ಮಲ್ಟಿಪ್ಲೇಯರ್ ಎಂದು ಹೆಸರು.

2. ಸೆಪ್ಟೆಂಬರಿನ ಒಂದು ಸಂಜೆ ಇಬ್ಬರೂ ಒಂದೇ ತಂಡದಲ್ಲಿದ್ದು ಆ ತಂಡ ಸೋತಿತು. ಪಟ್ಟಿಯಲ್ಲಿ ಜಡೆಪ್ಪನವರ ಹೆಸರು ಎಲ್ಲರಿಗಿಂತ ಕೆಳಗಿತ್ತು. ಯಾರೋ ಅಪರಿಚಿತ ಹುಡುಗ, "ಅಂಕಲ್, ನೀವು ಮಲಕ್ಕೊಳ್ರಿ" ಅಂದ. ಅದಕ್ಕೆ ತಿಪ್ಪೇಶ್ ನಕ್ಕರು. ಆ ನಗು ಹೆಡ್‌ಫೋನಿನಲ್ಲಿ ಒಮ್ಮೆ, ಗೋಡೆಯ ಮೂಲಕ ಇನ್ನೊಮ್ಮೆ ಕೇಳಿಸಿದ ಕಾರಣ ಜಡೆಪ್ಪನವರು ಅಂದು ರಾತ್ರಿ ಊಟ ಮಾಡಲಿಲ್ಲ. ಮರುದಿನ ಎದುರಾಳಿ ತಂಡ ಸೇರಿ ತಿಪ್ಪೇಶರನ್ನು ಹುಡುಕಿಕೊಂಡು ಹೋದರು, ಅವರ ಕೈಯಲ್ಲೇ ಹನ್ನೊಂದು ಸಲ ಸತ್ತರು. ಅಂದಿನಿಂದ ಮಾತು ನಿಂತಿತು.

3. ಇಷ್ಟಕ್ಕೇ ಆಗಿದ್ದರೆ ಅರ್ಜಿದಾರಳು ಕಾಗದ ಹಾಳು ಮಾಡುತ್ತಿರಲಿಲ್ಲ. ಅವಳ ತಾಯಿ ನೀಲಗಂಗಮ್ಮನವರು, 68 ವರ್ಷ, ಅವಳ ಜೊತೆಯಲ್ಲೇ ಇರುತ್ತಾರೆ. ಅವರ ಎರಡೂ ಕಣ್ಣಿಗೆ ಪೊರೆ ಬಂದಿದ್ದು, ಬಲಗಣ್ಣಿನ ಆಪರೇಷನ್‌ಗೆ ಆಸ್ಪತ್ರೆಯವರು ಡಿಸೆಂಬರ್ 3ರ ದಿನ ಕೊಟ್ಟಿದ್ದರು. ಕಾರು ಇರುವುದು ತಿಪ್ಪೇಶರಲ್ಲಿ. "ಅವನಿಗೇ ತಿಳೀಬೇಕು, ನಾ ಕೇಳಂಗಿಲ್ಲ" ಎಂದು ಜಡೆಪ್ಪನವರು. "ಕರದ್ರ ಬರ್ತೀನಿ, ಕರೀಲಿ" ಎಂದು ತಿಪ್ಪೇಶ್. ಹೇಗೂ ಇವರಲ್ಲೊಬ್ಬರು ಸೋಲುತ್ತಾರೆಂದು ನಂಬಿ ಅಕ್ಕ-ತಂಗಿ ಇಬ್ಬರೂ ಕೆಲಸಕ್ಕೆ ಹೋದರು. ಮಧ್ಯಾಹ್ನ ಅರ್ಜಿದಾರಳು ಬಂದು ನೋಡಿದಾಗ ತಾಯಿ ಇಳಕಲ್ ಸೀರೆ ಉಟ್ಟು, ಚೀಲ ತೊಡೆಯ ಮೇಲಿಟ್ಟುಕೊಂಡು ಕಟ್ಟೆಯ ಮೇಲೆ ಕೂತಿದ್ದರು.

"ಯಾರು ಬಂದ್ರು? ಜಡೆಪ್ಪನವರೇನು?" ಅಂತ ಕೇಳಿದರು.

"ನಾನು, ಅವ್ವಾ."

"ಹಂಗಾರ ಇವತ್ತಿಲ್ಲ ಬಿಡು. ಚಾ ಇಡು."

ಕಚೇರಿಯಲ್ಲಿ ನಮ್ಮನ್ನು ನಾವು 'ಅರ್ಜಿದಾರಳು' ಎಂದು ಬರೆದುಕೊಳ್ಳುವ ರೂಢಿ ಇರುವುದರಿಂದ ಈ ಕಲಮನ್ನು ಬರೆಯಲು ಸಾಧ್ಯವಾಯಿತು. ಆಸ್ಪತ್ರೆಯವರು ಮುಂದಿನ ದಿನವಾಗಿ ಜನವರಿ 21ನ್ನು ಕೊಟ್ಟರು.

4. ಹೀಗಿರಲಾಗಿ ಜನವರಿ 9ರಂದು ಕಬ್ಬು ಹೇರಿದ ಟ್ರ್ಯಾಕ್ಟರೊಂದು ಓಣಿಯಲ್ಲಿ ತಿರುಗುವಾಗ, ಮೇಲಿನ ಗಳಗಳು ತಮ್ಮ ಕೇಬಲ್ಲಿಗೆ ಸಿಕ್ಕು, ಕೇಬಲ್ ಕಬ್ಬಿನ ಜೊತೆಗೇ ಹೊರಟುಹೋಯಿತು. ಜಡೆಪ್ಪನವರ ಗೇಮ್ ನೆಟ್ ಇಲ್ಲದೆ ತೆರೆಯುವುದೇ ಇಲ್ಲ. ಮೂರು ಸಂಜೆ ಅವರು ಟಿವಿಯಲ್ಲಿ ಸುತ್ತುವ ಚಕ್ರವನ್ನೇ ನೋಡುತ್ತ ಕೂತರು. ನಾಲ್ಕನೆಯ ಸಂಜೆ ಗೋಡೆಯಾಚೆಯಿಂದ ಗುಂಡಿನ ಸದ್ದು ಕೇಳಿತು. ತಿಪ್ಪೇಶ್ ನೆಟ್ ಬೇಡದ ಹಳೆಯ ಗೇಮ್ ಡಿಸ್ಕ್ ಒಂದನ್ನು ಹುಡುಕಿ ತೆಗೆದಿದ್ದರು.

5. ಸ್ವಲ್ಪ ಹೊತ್ತಿಗೆ ಶೈಲಜಾ ಬಂದು, "ಅಕ್ಕಾ, ಮಾವನ್ನ ಕಳಸು. ಬಾಗಲಾ ತಗೀಲಿಕ್ಕೆ ಇಬ್ರು ಬೇಕಂತ" ಅಂದಳು. ಅವರ ಹಿತ್ತಲ ಬಾಗಿಲು ಸಿಕ್ಕಿಕೊಂಡಿದೆಯೆಂದು ಅರ್ಜಿದಾರಳು ಸುತ್ತಿಗೆ ಹುಡುಕಿದಳು. ಅದು ಆಟದೊಳಗಿನ ಕೋಟೆಯ ಬಾಗಿಲು. ಎರಡು ಕಡೆಯ ಸನ್ನೆಕೋಲುಗಳನ್ನು ಇಬ್ಬರು ಒಟ್ಟಿಗೆ ಎಳೆದರೆ ಮಾತ್ರ ತೆರೆಯುತ್ತದೆ. ಇದಕ್ಕೆ ಕೋ-ಆಪ್, ಅಂದರೆ ಜೊತೆಯಾಟ, ಎಂದು ಹೆಸರು. ಒಂದೇ ಟಿವಿ, ಒಂದೇ ಮಂಚ, ಇಬ್ಬರೂ ಒಂದೇ ಪಕ್ಷ. ಜಡೆಪ್ಪನವರು ಟಿವಿ ಆರಿಸಿ, ತಮ್ಮ ಕಂಟ್ರೋಲರನ್ನು ತರಕಾರಿ ಚೀಲದಲ್ಲಿ ಹಾಕಿಕೊಂಡು ಹೊರಟರು.

6. ಮೊದಲ ಎರಡು ದಿನ ಇಬ್ಬರೂ ಮಾತಿಲ್ಲದೆ ಆಡಿದರು. ತಿಪ್ಪೇಶ್ ರೂಢಿಯಂತೆ ಒಬ್ಬರೇ ಮುಂದೆ ಓಡುವುದು, ಜಡೆಪ್ಪನವರು ಹಿಂದೆ ಬೀಳುವುದು. ಆದರೆ ಕೋ-ಆಪ್‌ನಲ್ಲಿ ಬಿದ್ದವನನ್ನು ಜೊತೆಗಾರ ಬಂದು ಎಬ್ಬಿಸಬೇಕು. ಇಬ್ಬರೂ ಬಿದ್ದರೆ ಮೊದಲಿನಿಂದ ಶುರು. ಒಂದೇ ಸೇತುವೆಯ ಮೇಲೆ ಹದಿನಾಲ್ಕು ಸಲ ಸತ್ತರು. ಹದಿನೈದನೆಯ ಸಲ ತಿಪ್ಪೇಶ್ ಸೇತುವೆ ದಾಟಿ, ನಿಂತು, ತಿರುಗಿ ನೋಡಿದರು. ಚಹಾ ಕೊಡಲು ಹೋಗಿದ್ದ ಅರ್ಜಿದಾರಳು ಬಾಗಿಲಲ್ಲೇ ನಿಂತು ಕೇಳಿದ ಮಾತುಗಳು ಇವು:

"ಅಣ್ಣಾ, ಅಲ್ಲೇ ಇರ್ರಿ, ಬಂದೆ."

"ಎಲ್ಲಿಗೆ ಹೋಗ್ಲಿ? ಬಿದ್ದೀನಲ್ಲ."

ತಿಪ್ಪೇಶ್ ಬಂದು ಎಬ್ಬಿಸಿದರು. ಎಬ್ಬಿಸಲು ಬಟನ್ ಒತ್ತಿ ಹಿಡಿದು ಐದು ಸೆಕೆಂಡು ಕಾಯಬೇಕು. ಆ ಐದು ಸೆಕೆಂಡಿನಲ್ಲಿ ಅವರು, ಟಿವಿಯಿಂದ ಕಣ್ಣು ತೆಗೆಯದೆ, "ಅವತ್ತು ನಾ ನಗಬಾರ್ದಿತ್ರಿ" ಅಂದರು.

"ಎಡಕ್ಕ ಒಬ್ಬ ಬಂದ, ಅವನ್ನ ನೋಡು ಮೊದಲು" ಅಂದರು ಜಡೆಪ್ಪನವರು. ಆಮೇಲೆ ಸೇತುವೆ ದಾಟಿದರು.

7. ಜನವರಿ 21ರ ಬೆಳಿಗ್ಗೆ ಆರಕ್ಕೆ, ಯಾರೂ ಕರೆಯದೆ, ಕಾರು ಬಾಗಿಲಿಗೆ ಬಂದು ನಿಂತಿತು. ಜಡೆಪ್ಪನವರು ಹಿಂದಿನ ದಿನವೇ ಪಾಳಿ ಬದಲಿಸಿಕೊಂಡಿದ್ದರು. "ಅತ್ತಿ, ಮೆಟ್ಟಲಾ ಐತಿ, ಹುಷಾರು" ಎಂದು ಇಬ್ಬರೂ ಒಂದೊಂದು ಕೈ ಹಿಡಿದರು. ಮರುದಿನ ಕಣ್ಣಿನ ಪಟ್ಟಿ ಬಿಚ್ಚಿದಾಗ ನೀಲಗಂಗಮ್ಮನವರು ಎದುರಿಗಿದ್ದ ಅಳಿಯನನ್ನು ಬಹಳ ಹೊತ್ತು ನೋಡಿ, "ತಿಪ್ಪೇಶಪ್ಪ, ನಿನ್ನ ಮೀಸಿ ಯಾವಾಗ ಬೆಳ್ಳಗಾತು?" ಎಂದು ಕೇಳಿದರು. ಜಡೆಪ್ಪನವರು ನಕ್ಕರು. ತಿಪ್ಪೇಶ್ ಸಹ ನಕ್ಕಿದ್ದರಿಂದ ಯಾವುದೇ ಅನಾಹುತ ಸಂಭವಿಸಲಿಲ್ಲ.

8. ಅರ್ಜಿದಾರಳು ಪಕ್ಷಪಾತಿಯಲ್ಲ. ಆನ್‌ಲೈನ್ ಆಟಕ್ಕೆ ಅದರದೇ ಗುಣಗಳಿವೆ. ಒಂದು ಪಂದ್ಯ ಹತ್ತು ನಿಮಿಷಕ್ಕೆ ಮುಗಿಯುವುದರಿಂದ ಗಂಡಸರು ಬಿಸಿ ಊಟಕ್ಕೆ ಏಳುತ್ತಾರೆ. ಕೋ-ಆಪ್‌ನಲ್ಲಿ ಘಟ್ಟ ಮುಗಿಯುವವರೆಗೆ ಏಳುವುದಿಲ್ಲ, ರೊಟ್ಟಿ ಹಪ್ಪಳದಂತಾಗುತ್ತದೆ. ಆನ್‌ಲೈನ್‌ನಲ್ಲಿ ಎದುರಿಗಿರುವವರು ನಿಜವಾದ ಮನುಷ್ಯರಾದ್ದರಿಂದ ಆಟ ದಿನವೂ ಹೊಸದು. ಇಲ್ಲಿ ಅದೇ ಸಿಪಾಯಿ ಅದೇ ಕಲ್ಲಿನ ಹಿಂದಿನಿಂದ ಏಳುತ್ತಾನೆ, ಜಡೆಪ್ಪನವರಿಗೆ ಈಗ ಅವನ ಪರಿಚಯವಿದೆ. ಅಲ್ಲಿ ಗೆದ್ದವರ ಪಟ್ಟಿ ಬರುತ್ತದೆ. ಇಲ್ಲಿ ಪಟ್ಟಿಯೇ ಇಲ್ಲ. ಪಟ್ಟಿ ಇಲ್ಲದ ಒಂದೇ ಕಾರಣಕ್ಕೆ ಅರ್ಜಿದಾರಳು ರೊಟ್ಟಿಯ ನಷ್ಟವನ್ನು ಸಹಿಸಲು ಸಿದ್ಧಳಿದ್ದಾಳೆ.

9. ಆಟದಲ್ಲಿ ಇನ್ನೂ ಮೂರು ಘಟ್ಟ ಬಾಕಿ ಇವೆ. ತಾಯಿಯ ಎಡಗಣ್ಣಿಗೆ ಫೆಬ್ರವರಿ 18ರ ದಿನ ಕೊಟ್ಟಿದ್ದಾರೆ. ಷಡ್ಡಕರು ಈಗ ತಾವಾಗಿಯೇ ಮಾತಾಡುತ್ತಾರಾದರೂ, ಹೊಲಿಗೆ ಒಣಗುವವರೆಗೆ ಕಣ್ಣಿಗೆ ನೀರು ತಾಕಿಸಬೇಡಿ ಎಂದು ಡಾಕ್ಟರು ಹೇಳಿದ್ದನ್ನು ಅರ್ಜಿದಾರಳು ಈ ಪ್ರಕರಣಕ್ಕೂ ಅನ್ವಯಿಸಿಕೊಂಡಿದ್ದಾಳೆ.

ಆದ್ದರಿಂದ, ಮೇಲೆ ವಿವರಿಸಿದ ಕಾರಣಗಳಿಂದ, ಉಲ್ಲೇಖ 1 ಮತ್ತು 2ರ ದೂರುಗಳನ್ನು ಫೆಬ್ರವರಿ 19ರವರೆಗೆ ಬಾಕಿ ಇಡಬೇಕಾಗಿ ವಿನಂತಿ. ದೂರುದಾರರು ಫೋನ್ ಮಾಡಿದಲ್ಲಿ, 'ಪರಿಶೀಲನೆಯಲ್ಲಿದೆ' ಎಂದು ತಾವು ಎಲ್ಲರಿಗೂ ಹೇಳುವಂತೆಯೇ ಹೇಳಿದರೆ ಸಾಕು.

ತಮ್ಮ ವಿಳಂಬಕ್ಕೆ ಋಣಿಯಾದ ವಿಶ್ವಾಸಿ,
ಚಂದ್ರಕಲಾ

ಲಗತ್ತುಗಳು:
1. ಡಿಸೆಂಬರ್ 3ರ ಆಸ್ಪತ್ರೆ ಚೀಟಿ (ಬಳಕೆಯಾಗದ್ದು).
2. ಜನವರಿ 21ರ ಆಸ್ಪತ್ರೆ ಚೀಟಿ (ಬಳಕೆಯಾದದ್ದು).
3. ಶೈಲಜಾಳ ಒಪ್ಪಿಗೆ ಸಹಿ.
4. ನೀಲಗಂಗಮ್ಮನವರ ಸಹಿ. ಈ ಸಲ ಗೆರೆಯ ಮೇಲೆಯೇ ಹಾಕಿದ್ದಾರೆ.

ವಿಶೇಷ ಸೂಚನೆ: ಈ ಅರ್ಜಿ ಬರೆದು ಮುಗಿಸುವಷ್ಟರಲ್ಲಿ ತಮ್ಮ ಕಚೇರಿಯ ಲೈನ್‌ಮನ್ ಶ್ರೀ ರಾಯಣ್ಣ, ಸುಮಾರು 50 ವರ್ಷ, ಏಣಿಯೊಡನೆ ಬಂದರು. ಜಡೆಪ್ಪನವರಿಗೆ ಇಂದು ಎರಡನೇ ಪಾಳಿ ಇದ್ದು ಆಟಕ್ಕೆ ಜೊತೆ ಇಲ್ಲದ್ದರಿಂದ, ತಿಪ್ಪೇಶ್ ತಾವೇ ರಾಯಣ್ಣನವರನ್ನು ಒಳಗೆ ಕರೆದು, "ಒಂದ್ ಬಾಗಲಾ ಐತ್ರಿ, ಐದು ನಿಮಿಷ ಬರ್ರಿ" ಅಂದರು. ಅದಾಗಿ ಎರಡು ಗಂಟೆ ಕಳೆದಿದೆ. ಸದರಿ ನೌಕರರು ಬಾಗಿಲು ತೆರೆದು, ಇದೀಗ ಸುರಂಗದಲ್ಲಿದ್ದಾರೆ. ಅವರ ಇಂದಿನ ಹಾಜರಿಯನ್ನು ಪೂರ್ಣ ದಿನದ ಕೆಲಸವೆಂದೇ ನಮೂದಿಸಬೇಕಾಗಿ ಕೋರಿಕೆ.